ನಫೀಸಾಳ ಆಟದಲ್ಲಿ ಸೇತುವೆಯಿತ್ತು

ಟೀಚರ್ ಕೆಲಸಕ್ಕೆ ಸೇರಿದವರಿಗೆ ಕೆಲವು ವರ್ಷಗಳಲ್ಲಿ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಗೊತ್ತಿಲ್ಲ ಎಂಬ ಮಾತು ಬಾಯಿಂದ ಹೊರಡುವುದೇ ಇಲ್ಲ. ದಾರಿ ಕೇಳಿದವರಿಗೆ, ಆ ಊರನ್ನು ಕಣ್ಣಿನಿಂದ ನೋಡಿರದಿದ್ದರೂ, ಎಡಕ್ಕೆ ಬಲಕ್ಕೆ ಎಂದು ಹೇಳಿ ಕಳಿಸುತ್ತೇವೆ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಕಷಾಯ ಹೇಳುತ್ತೇವೆ. ನಾನು ಸಿದ್ಧಕಟ್ಟೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ವ್ಯಾಕರಣ ಕಲಿಸುವವರಲ್ಲಿ ಈ ಕಾಯಿಲೆ ಒಂದು ಹಿಡಿ ಜಾಸ್ತಿ. ಇಡೀ ದಿನ ಇದು ಸರಿ, ಇದು ತಪ್ಪು ಎಂದು ಹೇಳಿ ಹೇಳಿ, ಸಂಜೆ ಮನೆಗೆ ಬಂದ ಮೇಲೂ ನಾಲಿಗೆ ನಿಲ್ಲುವುದಿಲ್ಲ. ಅಷ್ಟಾದರೂ ಪರವಾಗಿಲ್ಲ, ಅದು ಕನ್ನಡ. ಆದರೆ ಒಂದಕ್ಷರ ಬಾರದ ಜಪಾನೀ ಭಾಷೆಯಲ್ಲಿಯೂ ನಾನು ಪಾಠ ಹೇಳಿದ್ದೇನೆ, ಅದರಿಂದ ಒಂದು ಒಳ್ಳೆಯ ಸ್ನೇಹ ಮುರಿದು ಬೀಳುವುದರಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ತೊಂಬತ್ತರ ದಶಕದ ಮಾತು. ಆಗ ಬಂಟ್ವಾಳದ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೆವು: ನಾನು, ನಮ್ಮವರು, ಅತ್ತೆ. ನಮ್ಮವರಿಗೆ ಬೆಳ್ತಂಗಡಿಯಲ್ಲಿ ಕೆಲಸ, ನನಗೆ ಶಾಲೆ. ಮೊಣಕಾಲು ನೋವಿನ ಅತ್ತೆ ಹಗಲಿಡೀ ಒಬ್ಬರೇ. ಬಹರೈನಿನಲ್ಲಿದ್ದ ಮೈದುನ ರಜೆಯಲ್ಲಿ ಬಂದಾಗ, ಅಮ್ಮನಿಗೆ ಹೊತ್ತು ಹೋಗಲಿ ಎಂದು ಒಂದು ಟೀವಿ ಗೇಮ್ ತಂದುಕೊಟ್ಟ. “ಅಮ್ಮನಿಗೆ ಜಪಮಾಲೆ ತಾ ಅಂದರೆ ಇವ ಜಪಾನನ್ನೇ ತಂದಿದ್ದಾನೆ” ಎಂದು ನಮ್ಮವರು ಗೊಣಗಿದರು. ಟೀವಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ, ಅದಕ್ಕೊಂದು ಕ್ಯಾಸೆಟ್, ಕೈಯಲ್ಲಿ ಹಿಡಿಯಲು ಒಂದು ರಿಮೋಟು. ಆಟ ಶುರುವಾದರೆ ಕೆಂಪು ಶಾಲು ಹೊದ್ದ ಒಬ್ಬ ಕುಳ್ಳ ಯುವಕ ಕತ್ತಿ ಹಿಡಿದು ಹೊಲ, ಗುಡ್ಡ, ಗುಹೆ ಎಂದು ಅಲೆಯುತ್ತಾನೆ. ದಾರಿಯಲ್ಲಿ ಸಿಕ್ಕವರೆಲ್ಲ ಅವನಿಗೆ ಏನೇನೋ ಹೇಳುತ್ತಾರೆ. ಹೇಳುವುದೆಲ್ಲ ಜಪಾನೀ ಅಕ್ಷರದಲ್ಲಿ ಪರದೆಯ ಕೆಳಗೆ ಬರುತ್ತದೆ. ಅವನು ಯಾಕೆ ಹೊರಟಿದ್ದಾನೆ, ಏನು ಹುಡುಕುತ್ತಿದ್ದಾನೆ ಎಂಬುದು ನಮಗೆ ತಿಳಿಯದು. ಅತ್ತೆ ಮಾತ್ರ ಮೊದಲ ದಿನವೇ ತೀರ್ಮಾನ ಕೊಟ್ಟರು: “ಪಾಪ, ಇವನ ದನ ತಪ್ಪಿಸಿಕೊಂಡಿದೆ.”

ಪಕ್ಕದ ಮನೆಯ ನಫೀಸಾಳ ಗಂಡ ದಮ್ಮಾಮಿನಲ್ಲಿದ್ದ. ಮಕ್ಕಳಿಲ್ಲದ, ಮಾತು ಬಹಳವಿದ್ದ ಹೆಂಗಸು. ನಾನು ಶಾಲೆಯಲ್ಲಿರುವಾಗ ಅತ್ತೆಯ ಮಾತ್ರೆ, ಮೊಣಕಾಲಿನ ಎಣ್ಣೆ, ಮಧ್ಯಾಹ್ನದ ಗಂಜಿಯ ಬಿಸಿ ಎಲ್ಲವೂ ಅವಳ ಉಸ್ತುವಾರಿ. ಯಾರೂ ಅವಳಿಗೆ ಹೇಳಿದ್ದಲ್ಲ. ಎರಡು ಮನೆಗಳ ನಡುವಿನ ಗೋಡೆಯಲ್ಲಿದ್ದ ಸಣ್ಣ ಗೇಟು ದಾಟಿ ಅವಳೇ ಬರುತ್ತಿದ್ದಳು. ಅತ್ತೆ ಆಡುವುದನ್ನು ಪಕ್ಕದಲ್ಲಿ ಕೂತು ನೋಡಿ ನೋಡಿ ಅವಳಿಗೂ ಹುಚ್ಚು ಹಿಡಿಯಿತು. ಆದರೆ ಅತ್ತೆ ರಿಮೋಟು ಬಿಡಬೇಕಲ್ಲ. ಕೊನೆಗೆ ಅವಳು ಫೋನಿನಲ್ಲಿ ಗಂಡನಿಗೆ ಕೆಂಪು ಶಾಲಿನವನ ಚಹರೆಯನ್ನು ಕಾಣೆಯಾದವರ ಪ್ರಕಟಣೆಯ ಹಾಗೆ ವಿವರಿಸಿದಳು. ಊರಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಅವನು ಅದೇ ಪೆಟ್ಟಿಗೆ, ಅದೇ ಚಿತ್ರವಿರುವ ಕ್ಯಾಸೆಟ್ ಕಳಿಸಿದ.

ಅಲ್ಲಿಂದ ನನ್ನ ಜಪಾನೀ ಪಾಠ ಶುರು. ಶಾಲೆಯಿಂದ ಬಂದು ಅತ್ತೆಗೆ ವಿಶ್ರಾಂತಿ ಕೊಟ್ಟು ನಾನೂ ಆಡುತ್ತಿದ್ದೆನಾದ್ದರಿಂದ ನಮ್ಮ ಮನೆಯ ಕೆಂಪು ಶಾಲಿನವನು ಮುಂದಿದ್ದ. ಸಂಜೆ ನಫೀಸಾ ಗೋಡೆಯ ಆಚೆ ನಿಂತು ಕೇಳುವುದು, ನಾನು ಈಚೆ ನಿಂತು ಹೇಳುವುದು. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಟೀಚರೇ, ನಮ್ಮ ಹುಡುಗನ ಶಾಲು ಹಸಿರಾಗಿ ಕಾಣ್ತದಲ್ಲ?”

“ನಿನ್ನ ಟೀವಿಯ ಬಣ್ಣ ಹೋಗಿದೆ. ರಿಪೇರಿಯವನನ್ನು ಕರೆಸು.”

ಅವಳು ಕರೆಸಿದಳು. ಅವನು ಟೀವಿಯ ಬೆನ್ನು ಬಿಚ್ಚಿ, ಧೂಳು ಊದಿ, ಬಣ್ಣ ಸರಿ ಉಂಟು ಎಂದು ಹೋದ. ಅವನಿಗೆ ಕೆಲಸ ಬರುವುದಿಲ್ಲ ಎಂದು ನಾನು ಷರಾ ಬರೆದೆ.

ಇನ್ನೊಂದು ಸಂಜೆ ಕಣ್ಣರಳಿಸಿಕೊಂಡು ಬಂದಳು. “ಟೀಚರೇ, ನಾನು ಹೊಳೆಯ ಸೇತುವೆ ದಾಟಿದೆ!”

ನಾವು ಆ ಹೊಳೆಯನ್ನು ಬಳಸಿ ಹೋಗಲು ಇಡೀ ಗುಡ್ಡ ಸುತ್ತಿ, ಹಾವುಗಳಿಂದ ಕಚ್ಚಿಸಿಕೊಂಡು, ಒಂದು ವಾರ ಕಷ್ಟಪಟ್ಟಿದ್ದೆವು. “ಅಲ್ಲಿ ಸೇತುವೆ ಇಲ್ಲ ನಫೀಸಾ. ಏನೋ ಮರದ ದಿಮ್ಮಿ ನೋಡಿರ್ತಿ.”

“ದಿಮ್ಮಿಗೆ ಎರಡು ಕಡೆ ಕೈಹಿಡಿ ಇರ್ತದಾ?”

“ದೂರದಿಂದ ಹಾಗೆ ಕಾಣ್ತದೆ” ಎಂದೆ. ತರಗತಿಯಲ್ಲಿ ಪ್ರಶ್ನೆ ಕೈ ಮೀರಿದಾಗ ನಾವು ಬಳಸುವ ದನಿ ಒಂದಿದೆ. ಅದನ್ನೇ ಬಳಸಿದೆ. ಅವಳು ಒಂದೇ ವಾರದಲ್ಲಿ ನಮ್ಮ ಹತ್ತಿರಕ್ಕೆ ಬಂದುಬಿಟ್ಟಳು ಎಂಬುದು ನನಗೆ ಸ್ವಲ್ಪ ಚುಚ್ಚಿತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಬಂತು ಜಲಪಾತದ ಹಿಂದಿನ ಗುಹೆ. ಅಲ್ಲಿ ಬಿಳಿ ಗಡ್ಡದ ಒಬ್ಬ ಮುದುಕ ಕೂತಿರುತ್ತಾನೆ. ಉದ್ದಕ್ಕೆ ಏನೋ ಹೇಳಿ, ಕೊನೆಗೆ ಎರಡು ಸಾಲು ತೋರಿಸುತ್ತಾನೆ, ಮೇಲೊಂದು ಕೆಳಗೊಂದು. ಆರಿಸಬೇಕು. ನಾನು ಕಣ್ಣು ಮುಚ್ಚಿ ಮೇಲಿನದನ್ನು ಒತ್ತಿದ್ದೆ, ದೀಪ ಕೊಟ್ಟಿದ್ದ. ನನ್ನ ಪಾಂಡಿತ್ಯ ಇಷ್ಟೇ. ಆದರೆ ನಫೀಸಾ ಕೇಳಿದಾಗ ಹೇಳಿದ ಧಾಟಿಯೇ ಬೇರೆ: “ಅವನು ದೊಡ್ಡ ಋಷಿ. ನಮ್ಮ ಮನಸ್ಸು ಪರೀಕ್ಷೆ ಮಾಡ್ತಾನೆ. ಮೇಲಿನ ಸಾಲು ಒತ್ತು, ದೀಪ ಸಿಗ್ತದೆ.”

ಮರುದಿನ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ನಫೀಸಾ ಅಂಗಳದಲ್ಲೇ ನಿಂತಿದ್ದಳು.

“ಟೀಚರೇ, ನಿಮ್ಮ ಋಷಿ ನನ್ನನ್ನು ದೋಚಿದ. ಕತ್ತಿ ಹೋಯ್ತು, ಗುರಾಣಿ ಹೋಯ್ತು, ಚೀಲ ಹೋಯ್ತು. ಹುಡುಗ ಬರಿಗೈಯಲ್ಲಿ ಮೊದಲಿನ ಊರಲ್ಲಿ ನಿಂತಿದ್ದಾನೆ.”

“ನೀನು ಕೆಳಗಿನದು ಒತ್ತಿರಬೇಕು.”

“ಅಲ್ಲಾಹನಾಣೆ, ಮೇಲಿನದೇ ಒತ್ತಿದ್ದು. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗದಷ್ಟು ಪೆದ್ದಿಯಾ ನಾನು?”

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. “ಹೇಳುವಾಗ ಗಮನ ಇಟ್ಟು ಕೇಳಬೇಕು” ಎಂದುಬಿಟ್ಟೆ.

ಅವಳ ಮುಖ ಸಣ್ಣಗಾಯಿತು. ದನಿ ಏರಿಸಲಿಲ್ಲ. “ನೀವು ಬೇಕೂಂತಲೇ ಹೇಳಿದ್ದು. ನಾನು ನಿಮಗಿಂತ ಮುಂದೆ ಹೋಗ್ತೇನೆ ಅಂತ” ಎಂದು ಹೇಳಿ ಗೇಟು ದಾಟಿದಳು. ಬೇಕೆಂದೇ ಹೇಳಿದ್ದಲ್ಲ ಎಂಬುದು ನಿಜ. ಆದರೆ ಅವಳ ಮಾತಿನ ಎರಡನೆಯ ಅರ್ಧ ಪೂರ್ತಿ ಸುಳ್ಳಲ್ಲವಾದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

ಮಾತು ನಿಂತಿತು. ಅತ್ತೆಯ ಮಾತ್ರೆಯ ಹೊತ್ತಿಗೆ ನಫೀಸಾ ಬರುತ್ತಿದ್ದಳಂತೆ. ಮಾತ್ರೆ ಕೊಟ್ಟು, ಕೂರದೆ, ನನ್ನ ಬಸ್ಸು ಬರುವುದರೊಳಗೆ ಹೊರಟುಹೋಗುತ್ತಿದ್ದಳಂತೆ. ಅತ್ತೆ ರಿಮೋಟು ಮುಟ್ಟುವುದನ್ನು ಬಿಟ್ಟರು. ನಾನು ನ್ಯಾಯ ಕೇಳಿದರೆ, “ನಫೀಸಾ ಸುಳ್ಳು ಹೇಳುವವಳಲ್ಲ” ಎಂದಷ್ಟೇ ಹೇಳಿ ಮುಖ ಆಚೆ ತಿರುಗಿಸಿದರು. ಸೊಸೆ ಸುಳ್ಳು ಹೇಳುವವಳೋ ಅಲ್ಲವೋ ಎಂಬ ಬಗ್ಗೆ ಅವರು ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ. ನಮ್ಮವರಿಗೆ ಹೇಳಿಕೊಂಡರೆ, “ಮುದುಕ ಯಾರು? ಯಾವ ಗುಹೆ? ಪೊಲೀಸಿಗೆ ಹೇಳಿದಿರಾ?” ಎಂದು ಕೇಳಿ, ಕಾರಣ ಗೊತ್ತಾದ ಮೇಲೆ ಊಟ ಬಿಟ್ಟು ನಕ್ಕರು. ಒಂದು ದಿನ ಅತ್ತೆ ಹೇಳಿದರು: “ನಫೀಸಾ ಮೂಡುಬಿದಿರೆಗೆ ತಾಯಿಮನೆಗೆ ಹೋಗ್ತಾಳಂತೆ. ಗಂಡ ಬರುವವರೆಗೂ ಅಲ್ಲೇ ಇರ್ತಾಳಂತೆ. ಇಲ್ಲಿ ಯಾರ ಮುಖ ನೋಡಿಕೊಂಡು ಇರುವುದು ಅಂತ ಕೇಳಿದಳು.” ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಎರಡು ದಿನ ಬಿಟ್ಟು ಶಾಲೆಯಿಂದ ಬಂದರೆ ಮನೆಯ ಬಾಗಿಲು ಹಾರು ಹೊಡೆದಿದೆ, ಅತ್ತೆ ಇಲ್ಲ. ಬಚ್ಚಲಿನಲ್ಲಿಲ್ಲ, ಹಿತ್ತಲಿನಲ್ಲಿಲ್ಲ. ಮೊಣಕಾಲು ನೋವಿನವರು ಎಲ್ಲಿಗೆ ಹೋದರು ಎಂದು ಹುಡುಕುತ್ತಿರುವಾಗ ಗೋಡೆಯ ಆಚೆಯಿಂದ ಅವರದೇ ದನಿ: “ಹೊಡಿ, ಹೊಡಿ, ಹಾವಿನ ಮಂಡೆಗೇ ಹೊಡಿ!”

ನಾನು ಗೇಟಿನಲ್ಲಿ ನಿಂತದ್ದನ್ನು ನಫೀಸಾ ಕಿಟಕಿಯಿಂದ ನೋಡಿದಳು. ಅಲ್ಲಿಂದಲೇ ಕರೆದಳು: “ಬನ್ನಿ ಟೀಚರೇ. ನಿಮ್ಮ ಮುದುಕ ಬೇರೆ, ನಮ್ಮ ಮುದುಕ ಬೇರೆ.”

ಅತ್ತೆ ನಮ್ಮ ಕ್ಯಾಸೆಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆ ಹಿಡಿದು ಹಿಡಿದು ಅಲ್ಲಿಗೆ ಹೋಗಿದ್ದರು. ಅವಳ ಪೆಟ್ಟಿಗೆಗೆ ಹಾಕಿ ನೋಡಿದರೆ ಅವಳ ಟೀವಿಯಲ್ಲಿಯೇ ಶಾಲು ಕೆಂಪಾಗಿತ್ತು! ರಿಪೇರಿಯವನ ಮಾನ ಉಳಿಯಿತು. ಆಮೇಲೆ ಎರಡನ್ನೂ ಬದಲಿಸಿ ಬದಲಿಸಿ ಹಾಕಿ ನೋಡುತ್ತ ಮಧ್ಯಾಹ್ನದ ಗಂಜಿ ಮರೆತಿದ್ದರು. ಅವಳದರಲ್ಲಿ ಹೊಳೆಗೆ ಸೇತುವೆ ಇತ್ತು, ಕೈಹಿಡಿಯೂ ಇತ್ತು. (“ಅಲ್ಲಿಯೂ ಇಲೆಕ್ಷನ್ ಬಂದಿರಬೇಕು” ಎಂದರು ಅತ್ತೆ.) ನಮ್ಮ ಆಟದ ಊರಿನ ಅಂಗಡಿಯವಳು ಬೆನ್ನು ಹಾಕಿ ಕೂತಿದ್ದರೆ ನಫೀಸಾಳದರಲ್ಲಿ ಈಚೆ ಮುಖ ಮಾಡಿ ನಗುತ್ತಿದ್ದಳು. ನಮ್ಮ ಬತ್ತಿದ ಬಾವಿಗೆ ಅಲ್ಲಿ ನೀರು ಬಂದಿತ್ತು. ಗುಹೆಯ ಮುದುಕ ಅವನೇ, ಆದರೆ ಅವನ ಎರಡು ಸಾಲುಗಳು ಅದಲುಬದಲಾಗಿದ್ದವು. ಅಕ್ಷರ ಓದಲು ಬಾರದಿದ್ದರೂ ಎರಡನ್ನೂ ನೋಡಿದರೆ ತಿಳಿಯುತ್ತಿತ್ತು: ನಮ್ಮಲ್ಲಿ ಮೇಲಿದ್ದ ಗಿಡ್ಡ ಸಾಲು ಅಲ್ಲಿ ಕೆಳಗಿತ್ತು. ಆ ವಾರ ದಮ್ಮಾಮಿನಿಂದ ಫೋನು ಬಂದಾಗ ನಫೀಸಾಳ ಗಂಡ, ಕ್ಯಾಸೆಟ್ ಮಾರಿದ ಅಂಗಡಿಯವನನ್ನು ಕೇಳಿ ಹೇಳಿದ: ಆ ಆಟವನ್ನು ಜಪಾನಿನಲ್ಲಿ ಒಮ್ಮೆ ಮಾಡಿ ಮಾರಿದರಂತೆ, ಕೆಲವು ವರ್ಷ ಬಿಟ್ಟು ಅಲ್ಲಲ್ಲಿ ತಿದ್ದಿ ಮತ್ತೆ ಮಾರಿದರಂತೆ. ನಮ್ಮದು ಮೊದಲಿನದು, ಅವಳದು ತಿದ್ದಿದ್ದು.

ನಾನು ಎಂ.ಎ.ಯಲ್ಲಿ ಪಾಠಾಂತರಗಳ ಬಗ್ಗೆ ಓದಿದವಳು. ಒಂದೇ ಕಾವ್ಯದ ಎರಡು ಪ್ರತಿಗಳು ಒಂದೇ ಥರ ಇರುವುದಿಲ್ಲ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು, ಮೂಡುಬಿದಿರೆಗೆ ಹೋಗಿ ತಾಳೆಗರಿಗಳನ್ನು ಕಣ್ಣಾರೆ ನೋಡಿ ಬಂದವಳು. ಆ ಹೊತ್ತಿನಲ್ಲಿ “ತಪ್ಪಾಯಿತು ನಫೀಸಾ” ಎಂದಿದ್ದರೆ ಸಾಕಿತ್ತು. ನಾನು ಅವಳ ಚಾಪೆಯ ಮೇಲೆ ಕೂತು ಲಿಪಿಕಾರರು ಹೇಗೆ ಸಾಲುಗಳನ್ನು ಹಿಂದುಮುಂದು ಮಾಡುತ್ತಾರೆ ಎಂದು ವಿವರಿಸತೊಡಗಿದೆ. ನಫೀಸಾ ಸ್ವಲ್ಪ ಹೊತ್ತು ಕೇಳಿ, “ಟೀಚರೇ, ಚಾ ಕುಡೀತೀರಾ?” ಎಂದಳು. ಅದರಲ್ಲಿ ಕ್ಷಮೆಯೂ ಇತ್ತು, ಬಾಯಿ ಮುಚ್ಚಿ ಎಂಬ ಅರ್ಥವೂ ಇತ್ತು. ಕುಡಿದೆ. ಮೂಡುಬಿದಿರೆಯ ಪ್ರಯಾಣ ರದ್ದಾಯಿತು.

ಅಂದಿನಿಂದ ಆಟ ಅವಳ ಮನೆಯಲ್ಲಿ, ಸೇತುವೆ ಇರುವ ಕ್ಯಾಸೆಟ್ಟಿನಲ್ಲಿ. ಅತ್ತೆ ಮತ್ತು ನಫೀಸಾ ರಿಮೋಟು ಹಂಚಿಕೊಂಡರು. ನನ್ನನ್ನು ಹಿಂದೆ ಕೂರಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಹುಡುಗ ಒಂದು ಅರಮನೆ ಮುಟ್ಟಿದ. ಅಲ್ಲಿ ರಾಣಿಯೊಬ್ಬಳು ಏನೋ ಕೇಳಿ ಎರಡು ಸಾಲು ತೋರಿಸಿದಳು. ಇದುವರೆಗೆ ನಮ್ಮಲ್ಲಿ ಯಾರೂ ನೋಡದ ಜಾಗ. ಅತ್ತೆ ರಿಮೋಟನ್ನು ನಫೀಸಾಳ ಕೈಗೆ ದಾಟಿಸಿದರು. ನಫೀಸಾ ತಿರುಗಿ ನೋಡಿದಳು. “ಟೀಚರೇ, ಯಾವುದು?”

ನನ್ನನ್ನು ಕೇಳಿದರಲ್ಲ ಎಂದು ಕಣ್ಣು ತುಂಬಿ ಬಂತು. ರಾಣಿಯ ಮುಖ ನೋಡಿದೆ, ಅಕ್ಷರಗಳ ಬಳುಕು ನೋಡಿದೆ, ಯೋಚಿಸಿ, “ಮೇಲಿನದು” ಎಂದೆ.

ನಫೀಸಾ ತಕ್ಷಣ ಕೆಳಗಿನದನ್ನು ಒತ್ತಿದಳು. ಬಾಗಿಲು ತೆರೆಯಿತು, ಸಂಗೀತ ಬಂತು. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಆಮೇಲೆ ನಫೀಸಾ ಯಾವ ನಿರ್ಧಾರವನ್ನೂ ನನ್ನನ್ನು ಕೇಳದೆ ತೆಗೆದುಕೊಂಡದ್ದಿಲ್ಲ. ಬಿ.ಸಿ.ರೋಡಿಗೆ ಕರ್ಟನಿನ ಬಟ್ಟೆಗೆ ಹೋಗುವಾಗಲೂ ನನ್ನನ್ನು ಜೊತೆಗೆ ಕರೆದೊಯ್ಯುತ್ತಾಳೆ. “ಟೀಚರೇ, ನೀಲಿಯಾ, ಹಸಿರಾ?” ನಾನು ಕನ್ನಡಕ ಹಾಕಿಕೊಂಡು, ಬಟ್ಟೆಯನ್ನು ಬೆಳಕಿಗೆ ಹಿಡಿದು, ಚೆನ್ನಾಗಿ ಯೋಚಿಸಿ, “ನೀಲಿ” ಎನ್ನುತ್ತೇನೆ. ಅಂಗಡಿಯವನು ಹಸಿರನ್ನು ಹರಿಯತೊಡಗುತ್ತಾನೆ.