ಓದು ಕೇಳಿಸಬೇಕು

ಓದದವರನ್ನು ಕಂಡರೆ ನನಗೆ ಅಂಥ ಸಿಟ್ಟೇನೂ ಇಲ್ಲ. "ಬುಕ್ ಮುಟ್ಟಿಲ್ಲ ಸಾರ್" ಎಂದು ಹಲ್ಲು ಕಿರಿದು ನಿಲ್ಲುವ ಹುಡುಗನನ್ನು ಬೈಯಬಹುದು, ಅವನೂ ಬೈಸಿಕೊಂಡು ಹಗುರಾಗಿ ಹೋಗುತ್ತಾನೆ. ನನ್ನ ರಕ್ತ ಕುದಿಯುವುದು ಓದಿಯೂ ಓದದವರನ್ನು ಕಂಡಾಗ. ಮುಳಬಾಗಿಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಂಡು ತಲೆ ನೆರೆಸಿಕೊಂಡವನು ನಾನು. ಮುಖ್ಯವಾದ ಸಾಲಿಗೆ ಗುರುತು ಹಾಕಿಕೊಳ್ಳಿ ಎಂದರೆ ಇಡೀ ಪುಟಕ್ಕೆ ಅರಿಶಿನ ಬಳಿದಂತೆ ಹಳದಿ ಪೆನ್ನು ಎಳೆದು ತರುತ್ತಾರೆ. ಇದರಲ್ಲಿ ಮುಖ್ಯ ಯಾವುದಮ್ಮ ಎಂದರೆ, "ಎಲ್ಲಾ ಇಂಪಾರ್ಟೆಂಟೇ ಸಾರ್." ಇನ್ನು ಕೆಲವರು ಪುಟದ ಫೋಟೊ ತೆಗೆದುಕೊಂಡು, ವಿದ್ಯೆಯನ್ನೇ ಜೇಬಿಗೆ ಇಳಿಸಿದವರಂತೆ ನಿಶ್ಚಿಂತರಾಗುತ್ತಾರೆ. ಇವರೆಲ್ಲರಿಗೂ ಮಿಗಿಲಾದವರು ಬಾಯಿಪಾಠದವರು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಸರಿ, ಅದು ಮುದ್ದೆಯ ನ್ಯಾಯ. ಪುಸ್ತಕಕ್ಕೂ ಅದೇ ನ್ಯಾಯವೆಂದು ಇವರಿಗೆ ಹೇಳಿಕೊಟ್ಟ ಪುಣ್ಯಾತ್ಮ ಯಾರೋ ತಿಳಿಯದು.

ಮಾನಸ ಇಂಥ ಬಾಯಿಪಾಠದ ಪಂಗಡಕ್ಕೆ ಸೇರಿದವಳು. ನನ್ನ ಹೆಂಡತಿಯ ಅಣ್ಣನ ಮಗಳು. ಬೈರಕೂರಿನಲ್ಲಿ ಅಪ್ಪ, ಅಮ್ಮ, ಅಜ್ಜಿಯ ಜೊತೆಗಿದ್ದುಕೊಂಡು ದಿನವೂ ಬಸ್ಸಿನಲ್ಲಿ ನಮ್ಮ ಕಾಲೇಜಿಗೆ ಬರುತ್ತಾಳೆ. ಕಾಲೇಜಿನ ಕಿರುಪರೀಕ್ಷೆಯಲ್ಲಿ ಅವಳು ಬೇಡಿಕೆಯ ನಿಯಮವನ್ನು ಪುಸ್ತಕದಲ್ಲಿ ಇದ್ದಂತೆಯೇ ಬರೆದು, ಕೊನೆಗೆ "ಮುಂದಿನ ಪುಟದ ರೇಖಾಚಿತ್ರದಲ್ಲಿ ತೋರಿಸಿರುವಂತೆ" ಎಂದು ಮುಗಿಸಿದ್ದಳು. ನಾನು ಆಸೆಯಿಂದ ಮುಂದಿನ ಪುಟ ತಿರುಗಿಸಿದೆ. ಖಾಲಿ. ಕರೆದು, ಬೇಡಿಕೆ ಎಂದರೇನು, ನಿನ್ನ ಮಾತಿನಲ್ಲಿ ಹೇಳು ಎಂದೆ. ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನನ್ ಮಾತಲ್ಲಿ ಬರೆದ್ರೆ ಮಾರ್ಕ್ಸ್ ಹಾಕ್ತಾರಾ ಮಾವ?"

ಸೆಮಿಸ್ಟರ್ ಫಲಿತಾಂಶ ಬಂದಾಗ ಅವಳಿಗೆ ಎಲ್ಲ ವಿಷಯಗಳೂ ಪಾಸಾಗಿ ನನ್ನದೊಂದು ಹೋಗಿತ್ತು. ಹೆಂಡತಿಯ ತವರಿನಲ್ಲಿ ಇದರ ಅರ್ಥ ಏನಾಯಿತೆಂದು ಓದುಗರು ಊಹಿಸಬಹುದು. "ಬೇರೆ ಮೇಷ್ಟ್ರುಗಳದ್ದೆಲ್ಲ ಪಾಸು, ಅಳಿಯಂದ್ರದ್ದೇ ಹೋಗಿರೋದು" ಎಂದು ನನ್ನ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಆ ವಿಷಯವನ್ನು ಮತ್ತೆ ಕಟ್ಟಿ ಪಾಸು ಮಾಡದಿದ್ದರೆ ಹುಡುಗಿಯ ಕೈಗೆ ಡಿಗ್ರಿ ಬರುವುದಿಲ್ಲ. ನನಗಂತೂ ಬೈರಕೂರಿನಲ್ಲಿ ತಲೆ ಎತ್ತಿಕೊಂಡು ಓಡಾಡುವಂತಿಲ್ಲ. ಒಂದು ಭಾನುವಾರ ಬುಸುಗುಟ್ಟುತ್ತಲೇ ಅಲ್ಲಿಗೆ ಹೋದೆ.

ಬೀದಿಯ ತಿರುವಿನಲ್ಲೇ ಅವಳ ಓದು ಕೇಳಿಸಿತು, ಅದೇ ಬೇಡಿಕೆಯ ನಿಯಮ. ಇತರೆ ಅಂಶಗಳು ಸ್ಥಿರವಾಗಿದ್ದಾಗ, ಇತರೆ ಅಂಶಗಳು ಸ್ಥಿರವಾಗಿದ್ದಾಗ ಎಂದು ಒಂದೇ ರಾಗ. ಜಗಲಿಯ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನ ದನಿ ನಿಂತಿತು. ಪಾಪ, ಆ ಸಾಲಿನ ಅರ್ಥವೇನೆಂದು ಹುಡುಗಿಗೆ ಮೊದಲ ಸಲ ಅನುಮಾನ ಬಂದಿತ್ತೋ ಏನೋ. ತಕ್ಷಣ ಅತ್ತೆ ಕತ್ತು ತಿರುಗಿಸಿದರು. "ಏಮೇ ಮಾನಸಾ, ನಿಂತೋಯ್ತಲ್ಲೇ? ಫೋನ್ ಹಿಡ್ಕೊಂಡ್ಯಾ?" ಒಳಗಿನಿಂದ ಇತರೆ ಅಂಶಗಳು ಮತ್ತೆ ಸ್ಥಿರವಾದವು.

ನನಗೆ ಆಗ ಎಲ್ಲ ಹೊಳೆಯಿತು. ಇದು ರೇಷ್ಮೆ ಹುಳ ಸಾಕುವ ಮನೆ. ದೊಡ್ಡ ಹುಳಕ್ಕೆ ಸೊಪ್ಪು ಹಾಕಿದರೆ ಅದು ಮೇಯುವ ಸದ್ದು ಜಿನುಗು ಮಳೆಯ ಹಾಗೆ ಕೇಳಿಸುತ್ತಿರಬೇಕು. ಸದ್ದಿದ್ದರೆ ಹುಳ ಚೆನ್ನಾಗಿದೆ, ಸದ್ದು ಅಡಗಿದರೆ ಮನೆಯವರಿಗೆ ಗಾಬರಿ. ಅತ್ತೆ ಜೀವಮಾನವೆಲ್ಲ ಕಿವಿಯಿಂದಲೇ ಹುಳ ಸಾಕಿದವರು. ಮೊಮ್ಮಗಳನ್ನೂ ಅದೇ ಕಿವಿಯಿಂದ ಓದಿಸುತ್ತಿದ್ದಾರೆ. ಸಾಲು ಅರ್ಥವಾಗಲಿಲ್ಲವೆಂದು ಒಂದು ಗಳಿಗೆ ನಿಂತು ಯೋಚಿಸೋಣವೆಂದರೆ ಆ ಮನೆಯಲ್ಲಿ ಅದು ಸೋಮಾರಿತನ. ಅನ್ಯಾಯ ಅಲ್ಲವೇ ಇದು?

"ಅತ್ತೆ, ಯೋಚನೆಗೆ ಸದ್ದಿರಲ್ಲ" ಎಂದೆ, ಕ್ಲಾಸಿನ ಗತ್ತಿನಲ್ಲಿ. "ಓದಬೇಕು, ನಿಲ್ಲಿಸಬೇಕು, ಏನು ಓದಿದೆ ಅಂತ ತನ್ನನ್ನೇ ಕೇಳ್ಕೋಬೇಕು. ನಿಮ್ಮ ಹುಳಾನೂ ಜ್ವರಕ್ಕೆ ಕೂತಾಗ ಮೇಯಲ್ಲ, ಸದ್ದು ಮಾಡಲ್ಲ. ಆಗಲೇ ಅಲ್ವಾ ಪೊರೆ ಬಿಟ್ಟು ದೊಡ್ಡದಾಗೋದು?" ಈ ಉಪಮೆ ಹೊಳೆದದ್ದಕ್ಕೆ ನನಗೆ ನನ್ನ ಮೇಲೆಯೇ ಗೌರವ ಬಂದಿತ್ತು.

ಅತ್ತೆ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಜ್ವರಕ್ಕೆ ಕೂತ ಹುಳ ತಲೆ ಎತ್ಕೊಂಡಿರುತ್ತೆ ಅಳಿಯಂದ್ರೇ. ಇವ್ಳು ತಲೆ ತಗ್ಗಿಸ್ಕೊಂಡಿರ್ತಾಳೆ, ಫೋನ್ ಮೇಲೆ." ಆಮೇಲೆ, ಬಹಳ ಮರ್ಯಾದೆಯಿಂದಲೇ, "ನಿಮ್ ಕ್ಲಾಸಲ್ಲಿ ದಿನಾ ಸುಮ್ನೇ ಕೂತಿರ್ತಾಳಲ್ಲ, ಸುಮ್ನಿದ್ರೆ ತಲೆಗೆ ಹೋಗೋ ಹಂಗಿದ್ರೆ ಅಲ್ಲೇ ಹೋಗ್ಬೇಕಿತ್ತಲ್ವಾ?" ಎಂದರು. ಒಳಗೆ ಮಾನಸ ಕೆಮ್ಮಿದಳು. ಕೆಮ್ಮಲ್ಲ, ನಗು. ನಾನು ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ.

ಮಾರನೆಯ ದಿನ ಆ ಸಿಟ್ಟನ್ನೆಲ್ಲ ತರಗತಿಗೆ ಹೊತ್ತು ತಂದೆ. ಇವತ್ತು ಪಾಠವಿಲ್ಲ, ಎರಡು ಪುಟ ಮೌನವಾಗಿ ಓದಿ, ಪುಸ್ತಕ ಮುಚ್ಚಿ, ತಿಳಿದದ್ದನ್ನು ಯೋಚಿಸಿ, ಅರ್ಥವಾಗದಿದ್ದರೆ ಮತ್ತೆ ಓದಿ ಎಂದು ಅಪ್ಪಣೆ ಕೊಡಿಸಿ ಕುರ್ಚಿಯಲ್ಲಿ ಕೂತೆ. ಏನು ಮೌನ, ಏನು ಶಿಸ್ತು! ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಇದನ್ನು ಅತ್ತೆ ನೋಡಬೇಕಿತ್ತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪ್ರಿನ್ಸಿಪಾಲರು ವರಾಂಡದಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. "ಏನ್ರೀ, ಸದ್ದೇ ಇಲ್ಲ. ಕ್ಲಾಸ್ ನಡೀತಿಲ್ವಾ?" ಎಂದರು. ಮೌನವಾಗಿ ಓದುವುದರ ಮಹತ್ವವನ್ನು ಅವರಿಗೆ ವಿವರಿಸಬೇಕೆಂದು ಬಾಯಿ ತೆರೆದೆ. ದೇವರಾಣೆಗೂ ಅದೇ ನನ್ನ ಉದ್ದೇಶ. ಆದರೆ ಆ ಬಾಯಿಂದ ಹೊರಬಿದ್ದದ್ದು, "ಇತರೆ ಅಂಶಗಳು ಸ್ಥಿರವಾಗಿದ್ದಾಗ, ಬೆಲೆ ಏರಿದರೆ ಬೇಡಿಕೆ ಕುಗ್ಗುತ್ತದೆ!" ಅದೂ ಕೊನೆಯ ಬೆಂಚು ನಡುಗುವಂತೆ. ಪ್ರಿನ್ಸಿಪಾಲರು ಸಮಾಧಾನದಿಂದ ಮುಂದೆ ಹೋದರು. ಮಕ್ಕಳೆಲ್ಲ ಅಲ್ಲಾಡದೆ, ತಲೆ ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಮಾನಸಾಳೂ ಇದ್ದಳು.

ಆಮೇಲೆ ದಾರಿ ಕಂಡುಕೊಂಡವಳು ಅವಳೇ. ಎರಡು ಪ್ಯಾರಾ ಸುಮ್ಮನೆ ಓದುವುದು, ಅಜ್ಜಿ ಕೂಗುವ ಮೊದಲೇ ಪುಸ್ತಕ ಮುಚ್ಚಿ, ತಿಳಿದದ್ದನ್ನು ತನ್ನ ಮಾತಿನಲ್ಲಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ, ಗಟ್ಟಿಯಾಗಿ ಹೇಳುವುದು. ಅಜ್ಜಿಗೆ ಸದ್ದು ಸಿಕ್ಕಿತು. ತೊಂದರೆ ಶುರುವಾದದ್ದು ಆ ಸದ್ದು ಅಜ್ಜಿಗೆ ಅರ್ಥವಾಗತೊಡಗಿದಾಗ. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂದು ಇವಳು ಹೇಳಿದ್ದೇ ತಡ, "ಟೊಮೆಟೊ ರೇಟು ಏರಿದಾಗ ಮಂಡೀಲಿ ಜನ ಬಿದ್ದೂ ಬಿದ್ದೂ ತಗೊಂಡ್ರಲ್ಲೇ? ಯಾವನೇ ಈ ಬುಕ್ ಬರ್ದೋನು?" ಎಂದು ಅಜ್ಜಿ ತಗಾದೆ ತೆಗೆದರು. ಅವತ್ತು ಮಾನಸ ನನಗೆ ಫೋನು ಮಾಡಿದಳು. "ಮಾವ, ಆವಾಗ ಎಲ್ಲಾ ಕಡೆ ಮದುವೆ ಸೀಸನ್. ಇತರೆ ಅಂಶಗಳು ಸ್ಥಿರ ಇರ್ಲಿಲ್ಲ, ಅದಕ್ಕೆ ಅಲ್ವಾ? ಅಲ್ಲ, ಇಷ್ಟು ದಿನ ಆ ಸಾಲು ಅಲ್ಲಿ ಯಾಕಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ." ಇಷ್ಟು ವರ್ಷದ ನನ್ನ ನೌಕರಿಯಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನಿಜವಾಗಿ ಸಂತೋಷವಾಯಿತು.

ಈ ಸಲ ಅವಳು ಪಾಸಾದಳು, ಅದೂ ಒಳ್ಳೆಯ ಅಂಕಗಳಲ್ಲಿ. ಬೈರಕೂರಿನಲ್ಲಿ ಕೋಳಿ ಸಾರು, ಮುದ್ದೆಯ ಊಟ. ನಾನು ಕೈ ತೊಳೆದು ಕೂತವನೇ, "ಈಗ ಒಪ್ತೀರಾ ಅತ್ತೆ? ಅವತ್ತೇ ಹೇಳಿದೆ, ಮೊದಲು ಸುಮ್ಮನೆ ಓದಬೇಕು ಅಂತ" ಎಂದು ಶುರುಮಾಡಿದೆ.

ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. "ನೀವು ಹೇಳೋದು ಸರಿ ಇರ್ಬೋದು ಅಳಿಯಂದ್ರೇ. ಆದ್ರೆ ನಿಮ್ ಪ್ರಿನ್ಸಿಪಾಲ್ರು ಬಂದು ಯಾಕೆ ಸದ್ದಿಲ್ಲ ಅಂದಾಗ ನೀವೂ ಕೂಗಿದ್ರಂತಲ್ಲ?"

ನಾನು ಮುದ್ದೆ ಮುರಿದು ನುಂಗಿದೆ. ಇನ್ನೊಂದು ತುತ್ತು ಮುರಿದೆ. ಅದನ್ನೂ ಸಾರಿನಲ್ಲಿ ಅದ್ದಿ ನುಂಗಿದೆ.

"ಯಾಕೆ, ಸುಮ್ನಾಗ್ಬಿಟ್ರಲ್ಲ?" ಎಂದರು ಅತ್ತೆ.

"ಬಿಡಜ್ಜಿ, ಮಾವ ಯೋಚನೆ ಮಾಡ್ತಿದಾರೆ" ಎಂದಳು ಮಾನಸ. "ಅದಕ್ಕೆ ಸದ್ದಿರಲ್ಲ."