ಬೀಗರ ಅಪ್ಪನ ಕರೀ ಚೂರಿ

ಹಳೇ ಚೂರಿ ಕೈಯಾಗ ಹಿಡದ್ರ ಸಾಕು, ಅದು ಯಾವ ಯುದ್ಧದ್ದು, ಯಾವ ದೇಶದ್ದು ಅಂತ ಹೇಳಾಂವ ನಮ್ಮೂರು ನಿಗಡಿಯೊಳಗ ನಾ ಒಬ್ಬನ! ಹಳೇ ಸಾಮಾನು ಮಾರೋ ಜುನಾ ಬಜಾರದಾಗ ನನ್ನ ಕಂಡಕೂಡ್ಲೆ ವ್ಯಾಪಾರಿಗಳು ಚೂರಿ ಒಳಗಿಡ್ತಾರ. ಯಾಕಂತ ನಾ ಕೇಳಿಲ್ಲ.

ಈ ಕೀರ್ತಿ ಕೊಂಢವಾದಾಗ ಇರೋ ಬೀಗರ ತನಕ ಹೋತು. ಮಗಳ ಮಾವ, ಮಿಲ್ಟ್ರಿಯಿಂದ ರಿಟೈರ್ ಆದ ಸುಭೇದಾರರು. ನಗೂದು ಗೊತ್ತಿಲ್ಲದ ಮನಷ್ಯಾ. ಆಯುಧಪೂಜಾದ ಖಂಡೇನವಮಿ ಹಿಂದಿನ ದಿನ ಬಂದು, ಅರಿವ್ಯಾಗ ಸುತ್ತಿದ್ದ ಒಂದು ಕರೀ ಚೂರಿ ನನ್ನ ಮುಂದ ಇಟ್ರು.

"ನಮ್ಮಪ್ಪ ಎರಡನೇ ಮಹಾಯುದ್ಧದಿಂದ ತಂದದ್ದರಿ. ಅವರ ನೆನಪಿಗೆ ಇರೂದು ಇದೊಂದ. ನಾಳೆ ಪೂಜಾಕ್ಕ ಇಡಬೇಕು. ಯಾವ ವರ್ಷದ್ದು, ನೋಡಿ ಹೇಳ್ರಿ."

"ಬಿಟ್ಟು ಹೋಗ್ರಿ ಬೀಗರ. ನಾಳೆ ಅದರ ಜಾತಕಾನ ತರ್ತೀನಿ!"

ಹಿಡಿಕಿ ಹತ್ರ ಏನೋ ಅಕ್ಷರ ಇದ್ದಂಗಿತ್ತು, ಕಪ್ಪಿನೊಳಗ ಕಾಣವಲ್ದು. ಖಂಡೇನವಮಿಗೆ ಈಳಿಗಿ, ಚಾಕು, ಕತ್ತರಿ ಎಲ್ಲಾ ಹುಣಸಿಹಣ್ಣು ಹಚ್ಚಿ ತಿಕ್ಕೂದು ನಮ್ಮನಿ ಪದ್ಧತಿ. ಚೂರಿನೂ ಸೇರಿಸಿ ತಿಕ್ಕಿದೆ. ಫಳಫಳ! ಅಕ್ಷರ ಮಾತ್ರ ಇರಲಿಲ್ಲ. ಅದೊಂದು ಗೀರು.

ಅಷ್ಟರಾಗ ಬೀಗರ ಫೋನ್.

"ಹೇಳೂದು ಮರತಿದ್ದೆ. ಕತ್ತಲ್ಯಾಗ ಹೊಳದು ವೈರಿಗೆ ಕಾಣಬಾರದಂತ ಯುದ್ಧದಾಗ ಕರೀ ಮಾಡಿರ್ತಿದ್ರಂತ. ಆ ಕಪ್ಪ ಅದರ ಗುರುತು ಅಂತಿದ್ರು ಅಪ್ಪ. ಒರಸಾಕ ಹೋಗಬ್ಯಾಡ್ರಿ ಮತ್ತ."

"ಛೇ ಛೇ! ನನಗ ಇಷ್ಟೂ ಗೊತ್ತಿಲ್ಲೇನ್ರಿ?" ಅಂದೆ. ಚೂರಿಯೊಳಗ ನನ್ನ ಮಾರಿ ಸ್ವಚ್ಛ ಕಾಣತಿತ್ತು. ಬೆವರಿತ್ತು.

"ನಾಳೆ ಮಗಳ ಮನಿಗೆ ಯಾವ ಮಾರಿ ಹೊತ್ತು ಹೋಗ್ತೀರಿ?" ಅಂದ್ಲು ಹೆಂಡ್ತಿ.

ಯುದ್ಧೋಪಾಯ ಹೊಳೀತು! ಕಪಾಟಿನ ಹಿಂದಿಟ್ಟಿದ್ದ ನನ್ನ ಕೂದಲ ಬಣ್ಣ ತಗದು ಚೂರಿಗೆ ಎರಡು ಕೋಟ್ ಹೊಡದೆ. ನನ್ನ ಕೂದಲ ಹುಟ್ಟಾ ಕರೀ ಅಂತ ಬೀಗರಿಗೆ ಹೇಳೇನಿ. ನೀವೂ ಬಾಯಿ ಬಿಡಬ್ಯಾಡ್ರಿ.

ಮರುದಿನ ಬೀಗರ ಮನಿ ತುಂಬ ಮಂದಿ. ಸುಭೇದಾರರು ಚೂರಿ ತಿರುವ್ಯಾಡಿಸಿ ನೋಡಿದ್ರು.

"ಛಂದ ಜ್ವಾಕಿ ಮಾಡೀರಿ," ಅಂದ್ರು.

ಸುಮ್ಮನಿರಬೇಕಿಲ್ಲೋ? "ಯುದ್ಧಕಾಲದ ಅಸಲಿ ಕಪ್ಪ, ನೋಡ್ರಿ! ಪ್ರಳಯ ಆದ್ರೂ ಹೋಗೂದಿಲ್ಲ!" ಅಂದೆ.

ಬೀಗರು ಪೂಜಾಕ್ಕಂತ ಚೂರಿ ಮ್ಯಾಲ ಒಂದ ಒಂದು ಚಮಚಾ ನೀರು ಬಿಟ್ರು. ಕಪ್ಪು ಇಳದು ಬಿಳೀ ಅರಿವಿ ಮ್ಯಾಲ ಹರೀತು. ಮಂತ್ರ ನಿಂತಿತು. ಬೀಗರು ಬೆರಳಿಗೆ ಹಚ್ಚಿಕೊಂಡು ಮೂಸಿದ್ರು. ಆಮ್ಯಾಲ ನಿಧಾನಕ್ಕ ನನ್ನ ತಲಿ ನೋಡಿದ್ರು.

"ಇದು ಯಾವ ಕಾಲದ ಕಪ್ಪರಿ, ಬೀಗರ?"

ನಾ ಬಾಯಿ ತಗಿಯೂದ್ರೊಳಗ ನನ್ನಾಕಿ ಅಂದ್ಲು: "ಹೋದ ಆದಿತ್ವಾರದ್ದರಿ, ಅಣ್ಣಾರ. ಅರ್ಧಾ ಅವರ ತಲ್ಯಾಗ ಅದ."

ಬೀಗರು ಹೊಳಿಯೋ ಚೂರಿಗೆ ಕುಂಕುಮ ಹಚ್ಚಿದ್ರು. ಎದ್ದು ಬಂದು ನನ್ನ ಹಣಿಗೂ ಹಚ್ಚಿದ್ರು. ಇನ್ನೊಂದು ಕೈಯಾಗ ಚೂರಿ ಹಂಗ ಇತ್ತು!

ಅದು ಯಾವ ವರ್ಷದ ಚೂರಿ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನನ್ನ ಖರೇ ವಯಸ್ಸು ಮಾತ್ರ ಕೊಂಢವಾಕ್ಕೆಲ್ಲಾ ಗೊತ್ತಾಗೇದ.