ಅಟ್ಟಣೆಯ ಮೇಲೊಂದು ಕೆಮ್ಮು

ಪರದೇಶದಲ್ಲಿ ಬದುಕುವವನಿಗೆ ಒಂದು ದೊಡ್ಡ ಅನುಕೂಲವಿದೆ. ತನ್ನ ಊರಿನ ಬಗ್ಗೆ ಅವನು ಏನು ಹೇಳಿದರೂ ಹೋಗಿ ನೋಡಿ ಬರುವವರು ಯಾರೂ ಇರುವುದಿಲ್ಲ. ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ಗೆ ಬಂದ ಮೊದಲ ವರ್ಷದಿಂದಲೂ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡವನು. ನಮ್ಮದು ಕೊಡಗು ಎಂದರೆ ಡಚ್ಚರಿಗೆ ತಿಳಿಯುವುದಿಲ್ಲ. 'ನಮ್ಮ ಕಡೆ ಕೋವಿ ಹಿಡಿಯದ ಗಂಡಸೇ ಇಲ್ಲ' ಎಂದರೆ ಮಾತ್ರ ಅವರ ಹುಬ್ಬು ಮೇಲೇರುತ್ತದೆ. ಆ ಹುಬ್ಬು ಏರುವುದನ್ನು ನೋಡುವ ಚಪಲಕ್ಕೆ ನಾನು ಬಲಿಬಿದ್ದೆ.

ನಿಜ ಹೇಳಬೇಕೆಂದರೆ ನಾನು ಬೆಳೆದದ್ದು ಮೈಸೂರಿನ ಸರಸ್ವತಿಪುರಂನಲ್ಲಿ, ಬ್ಯಾಂಕಿನಲ್ಲಿದ್ದ ಅಪ್ಪನ ಬಾಡಿಗೆ ಮನೆಯಲ್ಲಿ. ಕೋವಿ ಹಿಡಿದದ್ದು ಒಂದೇ ಸಲ. ಅಜ್ಜನ ಮನೆಯಲ್ಲಿ, ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಕಣ್ಣು ಮುಚ್ಚಿಕೊಂಡು ಗುಂಡು ಹೊಡೆದಿದ್ದೆ. ತೆಂಗಿನಕಾಯಿಗೆ ಏನೂ ಆಗಲಿಲ್ಲ. ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಆಯಿತು. ನನ್ನ ಹೆಂಡತಿ ದೇಚಮ್ಮ ಗೋಣಿಕೊಪ್ಪದವಳು. ಅವಳು ಹೊಡೆದ ಕಾಯಿಗಳು ಬಿದ್ದಿವೆ. ನನ್ನ ಕೊಡವ ತಕ್ಕ್ ಕೇಳಿದರೆ ಅವಳಿಗೆ ನಗು ತಡೆಯುವುದಿಲ್ಲವಾದ್ದರಿಂದ ಮನೆಯಲ್ಲಿ ನಾವು ಆಡುವುದು ಕನ್ನಡವೇ.

ಕೊರೊನಾ ಬಂದು ಆಫೀಸು ಮನೆಯೊಳಗೆ ನುಗ್ಗಿದ ಮೇಲೆ ನನ್ನ ಪ್ರಪಂಚವೆಲ್ಲ ಹಿತ್ತಲಿನ ಬೇಲಿಯವರೆಗೆ ಕುಗ್ಗಿತು. ಬೇಲಿಯ ಆಚೆ ಟೋನ್ ಇದ್ದರು. ಅರವತ್ತೆಂಟು ವರ್ಷ, ಒಬ್ಬರೇ, ನಿವೃತ್ತರು. ರೈತರ ಮುಸುಕಿನ ಜೋಳದ ಹೊಲಗಳಿಗೆ ನುಗ್ಗುವ ಕಾಡುಹಂದಿಗಳನ್ನು ಹೊಡೆಯಲು ಪರವಾನಗಿ ಇದ್ದ ಬೇಟೆಗಾರರು. ಬೇಸಿಗೆಯಿಡೀ ಒಂದೂವರೆ ಮೀಟರ್ ದೂರದಲ್ಲಿ ನಿಂತು ಅವರು ಹಂದಿಯ ಕಥೆ ಹೇಳಿದರು, ನಾನು ಅದಕ್ಕಿಂತ ದೊಡ್ಡ ಹಂದಿಯ ಕಥೆ ಹೇಳಿದೆ. ಸೆಪ್ಟೆಂಬರಿನಲ್ಲಿ ಒಂದು ದಿನ ಅವರು, "ಶನಿವಾರ ಸಂಜೆ ಅಟ್ಟಣೆ ಹತ್ತುತ್ತೇನೆ. ನೀನೂ ಬಾ. ಕಾನೂನು ಪ್ರಕಾರ ನಿನ್ನ ಕೈಗೆ ಬಂದೂಕು ಕೊಡೋ ಹಾಗಿಲ್ಲ, ಬೇಜಾರು ಮಾಡ್ಕೋಬೇಡ" ಎಂದರು. ನಾನು ತುಂಬ ಬೇಜಾರಾದವನಂತೆ ಮುಖ ಮಾಡಿ ಒಪ್ಪಿಕೊಂಡೆ.

"ನೀನು ಹಂದೀನ ಎಲ್ಲಿ ನೋಡಿದ್ದೀಯ ಮಾರಾಯ?" ಎಂದಳು ದೇಚು.

"ತಟ್ಟೇಲಿ" ಎಂದೆ.

ಅಟ್ಟಣೆ ಎಂದರೆ ಹೊಲದ ಅಂಚಿನಲ್ಲಿ ನಾಲ್ಕು ಕಂಬದ ಮೇಲೆ ನಿಲ್ಲಿಸಿದ ಮರದ ಪೆಟ್ಟಿಗೆ. ಒಳಗೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವಷ್ಟು ಉದ್ದದ ಒಂದು ಹಲಗೆ. ಒಂದೂವರೆ ಮೀಟರಿನ ಮಾತೇ ಇಲ್ಲ. ಟೋನ್ ಅದಕ್ಕೂ ಉಪಾಯ ಮಾಡಿದ್ದರು. ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆಯೊಂದನ್ನು ನಡುವೆ ಮೊಳೆ ಹೊಡೆದು ತೂಗುಬಿಟ್ಟಿದ್ದರು. ಆ ದಿನಗಳಲ್ಲಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮುಂದೆ ನೇತಾಡುತ್ತಿದ್ದ ಪರದೆಗೆ ಡಚ್ಚರು 'ಕುಖ್‌ಸ್ಖೆರ್ಮ್' ಎನ್ನುತ್ತಿದ್ದರು, ಅಂದರೆ ಕೆಮ್ಮುಪರದೆ. ನಮ್ಮದರ ಮೇಲೆ ಬಾತುಕೋಳಿಗಳ ಚಿತ್ರವಿತ್ತು. ಬಾತುಕೋಳಿಗಳ ನಡುವಿನಿಂದ ಟೋನ್ ಅವರ ಮೂಗು ಕಾಣುತ್ತಿತ್ತು.

ಒಂದು ಗಂಟೆ ಏನೂ ಆಗಲಿಲ್ಲ. ಬೇಟೆಯೆಂದರೆ ಬಹುಪಾಲು ಇದೇ ಎಂದು ಆಮೇಲೆ ತಿಳಿಯಿತು. ನನಗೆ ಕೊಟ್ಟ ಕೆಲಸ ದುರ್ಬೀನಿನಲ್ಲಿ ನೋಡುವುದು. ಬೆಳಕು ಇಳಿಯುವ ಹೊತ್ತಿಗೆ ಜೋಳದ ಸಾಲು ಅಲುಗಾಡಿ, ಅದರೊಳಗಿಂದ ಹಂದಿಯೊಂದು ಹೊರಬಂದು ನಿಂತಿತು. ಅಷ್ಟು ದೊಡ್ಡ ಪ್ರಾಣಿ ಅಷ್ಟು ಹತ್ತಿರ, ಸಾಂಬಾರ ಮಸಾಲೆಯಿಲ್ಲದೆ, ತನ್ನ ಕಾಲ ಮೇಲೆ ತಾನು ನಿಂತಿರುವುದನ್ನು ನಾನು ನೋಡಿರಲಿಲ್ಲ. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಟೋನ್ ಬಂದೂಕನ್ನು ಭುಜಕ್ಕೇರಿಸಿದರು. ತೆರೆದ ಬಾಯಿಗೆ ಒಂದು ಸಣ್ಣ ಹುಳ ಹೊಕ್ಕಿತು.

ತಡೆದೆ. ಕಣ್ಣಲ್ಲಿ ನೀರು ಬಂತು. ಇನ್ನೂ ತಡೆದೆ. ಆಮೇಲೆ ಕೆಮ್ಮಿದೆ. ಪರದೆ ಹಾರಿ ಟೋನ್ ಮುಖಕ್ಕೆ ಬಡಿಯಿತು.

ಹಂದಿ ಜೋಳದೊಳಕ್ಕೆ ಮಾಯವಾಯಿತು. ಅದಕ್ಕಿಂತ ಬೇಗ ಟೋನ್ ಏಣಿ ಇಳಿದಿದ್ದರು. ಇಪ್ಪತ್ತು ಹೆಜ್ಜೆ ದೂರ ಹೋಗಿ ನಿಂತು, ಬಂದೂಕಿನ ಗುಂಡು ತೆಗೆಯುತ್ತಿದ್ದರು. ಹಂದಿ ತಪ್ಪಿಸಿಕೊಂಡದ್ದಕ್ಕೆ ಬೈಯುತ್ತಾರೆಂದು ಕಾದೆ.

"ಎಷ್ಟು ದಿನದಿಂದ ಕೆಮ್ಮು?" ಎಂದು ಕೂಗಿದರು.

"ಕೆಮ್ಮಲ್ಲ, ಹುಳ! ಗಂಟಲಿಗೆ ಹುಳ ಹೋಯ್ತು!"

ಅವರು ತೆಗೆದ ಗುಂಡನ್ನು ಜೇಬಿಗೆ ಹಾಕಿಕೊಂಡರು. "ಸ್ಯೆಫ್ ಕೂಡ ಧೂಳು ಅಂದಿದ್ದ" ಎಂದರು. ಮೂವತ್ತು ವರ್ಷ ಆ ಹಲಗೆಯ ಮೇಲೆ, ನಾನು ಕೂತಿದ್ದ ಕಡೆ ಕೂರುತ್ತಿದ್ದವರು ಸ್ಯೆಫ್. ಫೆಬ್ರವರಿಯ ಕಾರ್ನಿವಲ್ ಹಬ್ಬ ಮುಗಿಸಿ ಬಂದು ಧೂಳಿನಿಂದ ಗಂಟಲು ಕೆರೆಯುತ್ತಿದೆ ಎಂದವರು ಮಾರ್ಚ್ ಕಳೆಯುವುದರೊಳಗೆ ಆಸ್ಪತ್ರೆಯಲ್ಲಿ ತೀರಿಕೊಂಡರಂತೆ. ಇದನ್ನು ಹೇಳಿ ಟೋನ್ ತಮ್ಮ ಕಾರಿನಲ್ಲಿ ಹೋದರು. ನಾನು ಸೈಕಲ್ಲಿನಲ್ಲಿ ಬಂದೆ.

ಮರುದಿನ ಪಾರ್ಕಿಂಗ್ ಜಾಗದಲ್ಲಿ ಹಾಕಿದ್ದ ಡೇರೆಯೊಂದರಲ್ಲಿ ನನ್ನ ಮೂಗಿಗೆ ಕಡ್ಡಿ ಹಾಕಿದರು. ಫಲಿತಾಂಶಕ್ಕೆ ಎರಡು ದಿನ. ದೇಚು ಊಟವನ್ನು ಕೋಣೆಯ ಬಾಗಿಲ ಬಳಿ ಇಟ್ಟು ಆಚೆ ನಿಂತು ವಿಚಾರಿಸಿದಳು.

"ಹುಳ ತಾನೇ?"

"ಹುಳಾನೇ. ಅನ್ಸುತ್ತೆ."

"ಅನ್ಸುತ್ತೆ ಅಂದ್ರೇನು? ನುಂಗಿದವನು ನೀನು!"

ಮೊದಲ ದಿನ ನನಗೆ ಖಾತ್ರಿಯಿತ್ತು. ಎರಡನೆಯ ದಿನದ ಹೊತ್ತಿಗೆ ಹುಳದ ಅಸ್ತಿತ್ವದ ಮೇಲೇ ಅನುಮಾನ ಬಂತು. ಗಂಟಲು ನಿಜವಾಗಿಯೂ ಕೆರೆಯತೊಡಗಿತು. ಕಿಟಕಿಯಿಂದ ಟೋನ್ ಮನೆ ಕಾಣುತ್ತಿತ್ತು, ಪರದೆ ಎಳೆದೇ ಇತ್ತು. ಜನ್ಮದಲ್ಲಿ ಒಂದು ತೆಂಗಿನಕಾಯಿಯನ್ನೂ ಕೆಡವದ ನಾನು, ಪಕ್ಕದ ಮನೆಯ ಒಳ್ಳೆಯ ಮುದುಕನೊಬ್ಬನನ್ನು ಬಾತುಕೋಳಿಯ ಪರದೆಯ ಮೂಲಕ ಒಂದೇ ಏಟಿಗೆ ಹೊಡೆದಿರಬಹುದಲ್ಲ ಎಂದು ಯೋಚಿಸಿ ಅನ್ನ ಸೇರಲಿಲ್ಲ.

ನೆಗೆಟಿವ್ ಬಂತು. ಫೋನ್ ಹಿಡಿದ ಕೈ ಚಾಚಿಕೊಂಡು ಬೇಲಿಯತ್ತ ಓಡಿ ಅವರನ್ನು ಕೂಗಿದೆ. ಟೋನ್ ಕನ್ನಡಕ ಹಾಕಿಕೊಂಡು, ದೂರದಿಂದಲೇ ಬಗ್ಗಿ, ಎರಡು ಸಲ ಓದಿದರು. ಆಮೇಲೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟರು. ಆ ಗಳಿಗೆಯಲ್ಲಿ ನನ್ನ ಬಾಯಿಂದಲೂ ನಿಜ ಹೊರಬಂತು.

"ಟೋನ್, ನಾನು ಬೇಟೆ ಆಡಿದವನೇ ಅಲ್ಲ. ಹೇಳಿದ್ದೆಲ್ಲ ಸುಳ್ಳು."

"ಗೊತ್ತು. ಬೇಲಿ ಹತ್ರ ಕಥೆ ಕೇಳಿದಾಗ್ಲೇ ಅನುಮಾನ ಇತ್ತು. ಹಂದಿ ಬೇಟೆಗೆ ಸೆಂಟು ಹಾಕ್ಕೊಂಡು ಬರೋರು ಯಾರಿದ್ದಾರೆ?"

"ಮತ್ತೆ ನನ್ನನ್ನ ಯಾಕೆ ಕರೆದಿರಿ?"

"ಅದು ಇಬ್ಬರು ಕೂರೋ ಜಾಗ" ಎಂದರು.

ಬಟ್ಟೆ ಒಣಹಾಕುತ್ತಿದ್ದ ದೇಚು ಬೇಲಿಯ ಹತ್ತಿರ ಬಂದು, "ಮುಂದಿನ ಶನಿವಾರ ನಾನು ಬರಲಾ?" ಎಂದು ಕೇಳಿದಳು.

ಹೋದಳು. ಟೋನ್ ಅವರಿಗಿಂತ ಮೊದಲು ಅವಳೇ ಸದ್ದು ಹಿಡಿದು ಬೆರಳು ತೋರಿಸಿದಳಂತೆ. ಹಂದಿ ಬಿತ್ತು. ಕಾಡುಹಂದಿಯ ಮಾಂಸವನ್ನು ಇಲ್ಲಿ ಹುಳವಿದೆಯೇ ಎಂದು ಪರೀಕ್ಷೆ ಮಾಡಿಸದೆ ತಿನ್ನುವುದಿಲ್ಲ. ಹಾಗಾಗಿ ಆ ತಿಂಗಳು ನಮ್ಮ ಬೀದಿಯಲ್ಲಿ ನಾನು, ಹಂದಿ ಇಬ್ಬರೂ ನೆಗೆಟಿವ್ ಆದೆವು. ಊರಿಂದ ತಂದಿದ್ದ ಕಪ್ಪು ಹುಳಿರಸ ಕಾಚಂಪುಳಿಯ ಕೊನೆಯ ಹನಿಯನ್ನೂ ಹಾಕಿ ದೇಚು ಪಂದಿಕರಿ ಮಾಡಿದಳು. ಟೋನ್ ನಮ್ಮ ಹಿತ್ತಲಿನಲ್ಲಿ ಬೇರೆ ಮೇಜಿನ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತ, ಮೂರು ಸಲ ಬಡಿಸಿಕೊಂಡರು.

ಈಗ ಶನಿವಾರಗಳಂದು ಅವರಿಬ್ಬರೂ ಹೊರಡುತ್ತಾರೆ. ನಾನು ಮನೆಯಲ್ಲಿದ್ದು ಈರುಳ್ಳಿ ಹೆಚ್ಚಿಡುತ್ತೇನೆ. ಇಲ್ಲಿನ ಕನ್ನಡದ ಗೆಳೆಯರು ಯಾರಾದರೂ "ನೀವು ಕೊಡಗಿನವರು, ಬೇಟೆಗೀಟೆ ಉಂಟಾ?" ಎಂದು ಕೇಳಿದರೆ, ಮೀಸೆಯ ಮೇಲೆ ಕೈಯಾಡಿಸಿಕೊಂಡು, "ನಮ್ಮ ಮನೆಯವರೆಲ್ಲ ಬೇಟೆಗಾರರೇ" ಎನ್ನುತ್ತೇನೆ. ಕೇಳಿದವರು ನಮ್ಮ ವಂಶವನ್ನು ನೆನೆದು ತಲೆದೂಗುತ್ತಾರೆ. 'ನಮ್ಮ ಮನೆಯವರು' ಎಂದರೆ ಹೆಂಡತಿ ಎಂದೂ ಅರ್ಥವಿದೆಯೆಂದು ಅವರಾಗಿ ಕೇಳದ ಹೊರತು ನಾನು ಬಿಡಿಸಿ ಹೇಳುವುದಿಲ್ಲ.